ನೋವಿನ ಡಾಕ್ಟರ್ ಹತ್ರ ಕೊನೇಲಿ ಯಾಕೆ, ಮೊದಲೇ ಕಳಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯ ಪುಟ ನಾನು ತಪ್ಪದೆ ಓದ್ತೀನಿ. ಬೆನ್ನುನೋವು, ಮಂಡಿನೋವು, ಕತ್ತುನೋವಿನ ಬಗ್ಗೆ ಆಗಾಗ ಒಳ್ಳೇ ಲೇಖನ ಬರತ್ತೆ, ಸ್ಟ್ರೋಕ್ ಆದ್ರೆ ಎಷ್ಟು ಬೇಗ ಆಸ್ಪತ್ರೆ ಸೇರ್ಬೇಕು ಅನ್ನೋದನ್ನೂ ಚೆನ್ನಾಗಿ ಬರೀತೀರಿ. ಆದ್ರೆ ಜೀವ ಉಳಿದು ಆಸ್ಪತ್ರೆಯಿಂದ ಹೊರಗೆ ಬಂದಮೇಲೆ ಏನು, ಆಪರೇಷನ್ ಆಗಿ ಹೊಲಿಗೆ ಬಿಚ್ಚಿ ಗಾಯ ಮಾಗಿದ ಮೇಲೂ ನೋವು ಹೋಗ್ದೆ ಇದ್ರೆ ಯಾರ ಹತ್ರ ಹೋಗೋದು, ಈ ಮಾತು ಬಂದಾಗ ಎಲ್ಲಾ ಲೇಖನಗಳೂ "ಫಿಸಿಯೋಥೆರಪಿ ಮಾಡಿಸಿ, ತಜ್ಞರನ್ನ ಕಾಣಿ" ಅಂತ ಒಂದೇ ಸಾಲಲ್ಲಿ ಮುಗಿದುಹೋಗತ್ತೆ. ಆ ತಜ್ಞರು ಯಾರು ಅಂತ ಯಾರೂ ಹೇಳಲ್ಲ. ಅದನ್ನ ಹೇಳೋಕೇ ಈ ಪತ್ರ, ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ಫಿಸಿಯೋಥೆರಪಿಸ್ಟ್. ರಿಹ್ಯಾಬಿಲಿಟೇಶನ್ (ಕಾಯಿಲೆ, ಪೆಟ್ಟಿನ ಮೇಲೆ ಮತ್ತೆ ಓಡಾಡೋ, ಕೆಲಸ ಮಾಡೋ ಹಾಗೆ ಮಾಡೋದು, ನಾವು ರಿಹ್ಯಾಬ್ ಅಂತೀವಿ) ಮತ್ತು ಪೈನ್ ಮೆಡಿಸಿನ್ (ನೋವಿನ ಚಿಕಿತ್ಸೆ) ಎರಡರಲ್ಲೂ ತರಬೇತಿ ಪಡೆದ ಒಬ್ಬ ಡಾಕ್ಟರ್ ಜೊತೆ ಹಲವು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ಅವರ ಹೆಸರು ಬರೆಯೋದು ಬೇಡ, ಅವರಿಗೂ ಅದು ಇಷ್ಟ ಆಗಲ್ಲ, ಹೆಸರಿಗಿಂತ ಅವರು ಕೆಲಸ ಮಾಡೋ ರೀತಿ ಹತ್ತು ಜನಕ್ಕೆ ಗೊತ್ತಾದ್ರೆ ಸಾಕು. ನಮ್ಮ ಹತ್ರ ಬರೋ ಪೇಷಂಟುಗಳಲ್ಲಿ ಹೆಚ್ಚಿನವರು ಬರೋದು ಎಲ್ಲಾ ಮುಗಿಸ್ಕೊಂಡು. ಒಂದು ಚೀಲ ತುಂಬ ಸ್ಕ್ಯಾನ್ ಫಿಲ್ಮು, ಇನ್ನೊಂದು ಚೀಲ ತುಂಬ ಮಾತ್ರೆ ಚೀಟಿ, ಒಂದೋ ಎರಡೋ ಆಪರೇಷನ್ನು, ಕೆಲಸ ಬಿಟ್ಟು ವರ್ಷ ಆಗಿರತ್ತೆ, ಮನೇಲಿ ಎಲ್ಲರೂ ಸುಸ್ತಾಗಿರ್ತಾರೆ, ಆಮೇಲೆ ಯಾರೋ ಹೇಳ್ತಾರೆ ಇಂಥವರೊಬ್ಬರು ಇದ್ದಾರೆ ತೋರಿಸಿ ನೋಡಿ ಅಂತ. ಈ ಡಾಕ್ಟರುಗಳನ್ನ ಕೊನೇ ಬಾಗಿಲು ಅಂದ್ಕೊಂಡಿರೋದೇ ದೊಡ್ಡ ನಷ್ಟ ಅಂತ ನನಗೆ ದಿನಾ ಅನ್ನಿಸತ್ತೆ.

ಮೊದಲು ಒಂದು ಗೊಂದಲ ಬಿಡಿಸ್ತೀನಿ. ಇವರು ಫಿಸಿಯೋಥೆರಪಿಸ್ಟ್ ಅಲ್ಲ, ಮೂಳೆ ಡಾಕ್ಟರೂ ಅಲ್ಲ, ನರರೋಗ ತಜ್ಞರೂ ಅಲ್ಲ, ಆದ್ರೆ ಆ ಮೂರೂ ಕಡೆಯ ವಿಷಯ ಓದಿರ್ತಾರೆ. ವೈದ್ಯ ಪದವಿ ಮುಗಿಸಿ, ಅದರ ಮೇಲೆ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್ ಅನ್ನೋ ವಿಷಯದಲ್ಲಿ ವರ್ಷಗಟ್ಟಲೆ ತರಬೇತಿ ಆಗಿರತ್ತೆ, ನೋವಿನ ಚಿಕಿತ್ಸೆ ಕಲೀಬೇಕು ಅಂದ ಡಾಕ್ಟರುಗಳು ಆಮೇಲೆ ಪೈನ್ ಫೆಲೋಶಿಪ್ ಅನ್ನೋ ಹೆಚ್ಚಿನ ತರಬೇತಿ ಬೇರೆ ಮಾಡ್ತಾರೆ. ಪೈನ್ ಮೆಡಿಸಿನ್‌ಗೆ ಅನಸ್ತೇಶಿಯಾ (ಅರಿವಳಿಕೆ) ಕಡೆಯಿಂದಲೂ ತುಂಬಾ ಜನ ಬರ್ತಾರೆ, ನರರೋಗ ವಿಭಾಗ, ಮನೋವೈದ್ಯ ವಿಭಾಗದಿಂದಲೂ ಬರ್ತಾರೆ. ರಿಹ್ಯಾಬ್ ಕಡೆಯಿಂದ ಬಂದವರು ಸ್ಟ್ರೋಕ್, ಬೆನ್ನುಹುರಿ ಪೆಟ್ಟು, ತಲೆಪೆಟ್ಟು, ಕಾಲು ಕಳ್ಕೊಂಡವರು, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪೋದು) ಇರೋ ಮಕ್ಕಳು ಇವರನ್ನೆಲ್ಲ ತರಬೇತಿಯಲ್ಲೇ ನೋಡಿರ್ತಾರೆ. ನರದ ಕರೆಂಟ್ ಟೆಸ್ಟ್ ಅಂತೀವಲ್ಲ, ಇಎಂಜಿ, ನರ್ವ್ ಕಂಡಕ್ಷನ್, ಅದನ್ನ ಮಾಡೋಕೆ ಬರತ್ತೆ. ಕೃತಕ ಕಾಲು ಸರಿಯಾಗಿ ಕೂತಿದ್ಯಾ, ಕಾಲಿಗೆ ಆಸರೆ ಕೊಡೋ ಕ್ಯಾಲಿಪರ್ ಎಲ್ಲಿ ಒತ್ತತ್ತೆ, ವೀಲ್‌ಚೇರ್ ಸೀಟಿನ ಅಗಲ ಎಷ್ಟಿರ್ಬೇಕು ಅನ್ನೋದೂ ಅವರ ಕೆಲಸಾನೇ. ನಾವು ಥೆರಪಿಸ್ಟುಗಳು ಕೈಯಿಂದ ಮಾಡಿಸೋ ಕೆಲಸಕ್ಕೆ ಗೊತ್ತು ಗುರಿ ಹಾಕಿ ಕೊಡೋರು ಅವರು.

ಈ ವಿಭಾಗ ಹುಟ್ಟಿದ ಕಥೆ ಗೊತ್ತಾದ್ರೆ ಇವರು ಯೋಚನೆ ಮಾಡೋ ರೀತಿ ಅರ್ಥ ಆಗತ್ತೆ. ಅಮೆರಿಕದ ಫ್ರಾಂಕ್ ಕ್ರೂಸೆನ್ ಅನ್ನೋ ಡಾಕ್ಟರಿಗೆ ಚಿಕ್ಕ ವಯಸ್ಸಲ್ಲೇ ಕ್ಷಯ ಆಗಿ ಸ್ಯಾನಟೋರಿಯಂ, ಅಂದ್ರೆ ಕ್ಷಯ ರೋಗಿಗಳ ಆಸ್ಪತ್ರೆ, ಸೇರಿದ್ರು, ಅಲ್ಲಿ ಸುಮ್ನೆ ಮಲಗಿದ್ದವರ ಮೈ ಹೇಗೆ ಶಕ್ತಿ ಕಳ್ಕೊಳ್ಳತ್ತೆ ಅಂತ ಕಣ್ಣಾರೆ ನೋಡಿ ಆಮೇಲೆ ಈ ವಿಭಾಗ ಕಟ್ಟೋಕೆ ಜೀವನಾನೇ ಕೊಟ್ರು, 1947ರಲ್ಲಿ ಅಲ್ಲಿ ಇದಕ್ಕೆ ಸ್ವತಂತ್ರ ಮೆಡಿಕಲ್ ಸ್ಪೆಷಾಲಿಟಿ ಅಂತ ಮಾನ್ಯತೆ ಸಿಕ್ತು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸಾವಿರಾರು ಸೈನಿಕರು, ಪೋಲಿಯೋ ಬಂದು ಉಳ್ಕೊಂಡ ಮಕ್ಕಳು, ಇವರ ಕಾರಣದಿಂದಲೇ ಇದು ಬೆಳೀತು. ಇಂಗ್ಲೆಂಡಿನಲ್ಲಿ ಲುಡ್ವಿಗ್ ಗುಟ್‌ಮನ್ ಅಂತ, ಜರ್ಮನಿಯಿಂದ ತಪ್ಪಿಸ್ಕೊಂಡು ಬಂದ ಯಹೂದಿ ನರತಜ್ಞ, 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯದ ವಿಭಾಗ ಶುರು ಮಾಡಿದ್ರು. ಅದಕ್ಕೆ ಮುಂಚೆ ಬೆನ್ನುಹುರಿ ಪೆಟ್ಟಾದವರು ಉಳಿಯೋದೇ ಕಷ್ಟ ಇತ್ತು, ಹಾಸಿಗೆ ಹುಣ್ಣು, ಮೂತ್ರದ ಸೋಂಕು ಇವೆರಡೇ ಜೀವ ತೆಗೀತಿದ್ವು. ಗುಟ್‌ಮನ್ ಹೊಸ ಔಷಧಿ ಏನೂ ಕಂಡುಹಿಡೀಲಿಲ್ಲ, ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸಿ, ಮೂತ್ರಕೋಶ ಜೋಪಾನ ಮಾಡಿ, ಹಾಸಿಗೆಯಿಂದ ಎಬ್ಬಿಸಿ ಕೆಲಸಕ್ಕೆ ಹಚ್ಚಿ ಅಂತ ಹಟ ಹಿಡಿದ್ರು. 1948ರ ಜುಲೈ 29ಕ್ಕೆ, ಲಂಡನ್ ಒಲಿಂಪಿಕ್ಸ್ ಶುರುವಾದ ಅದೇ ದಿನ, ತಮ್ಮ ಆಸ್ಪತ್ರೆ ಅಂಗಳದಲ್ಲಿ 16 ಜನ ಗಾಯಾಳುಗಳಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ರು, ಅದೇ ಬೆಳೆದು 1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ಆಯ್ತು. ಇವತ್ತು ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕ ಬಂದಾಗ ನಿಮ್ಮ ಪತ್ರಿಕೆ ಮುಖಪುಟದಲ್ಲೇ ಹಾಕತ್ತೆ, ನೋಡಿ ಖುಷಿ ಆಗತ್ತೆ, ಅದು ಶುರುವಾಗಿದ್ದು ಒಂದು ರಿಹ್ಯಾಬ್ ವಾರ್ಡಲ್ಲಿ ಅನ್ನೋದನ್ನೂ ಜತೆಗೆ ಒಂದು ಸಾಲು ಬರೀರಿ.

ನೋವಿನ ಕಡೆಗೆ ಬಂದ್ರೆ ಜಾನ್ ಬೋನಿಕಾ. ಅವರು ಅನಸ್ತೇಶಿಯಾ ಡಾಕ್ಟರು, ಮೆಡಿಕಲ್ ಓದೋಕೆ ದುಡ್ಡು ಹೊಂದಿಸೋಕೆ ಕುಸ್ತಿ ಆಡ್ತಿದ್ದವರು, ಆ ಕುಸ್ತಿಯ ಪೆಟ್ಟುಗಳಿಂದಲೇ ಜೀವನಪೂರ್ತಿ ನೋವು ಅನುಭವಿಸಿದ್ರು. ಯುದ್ಧದ ಗಾಯಾಳುಗಳ ನೋವನ್ನ ಒಬ್ಬ ಡಾಕ್ಟರ್ ಒಬ್ಬರೇ ಬಿಡಿಸೋಕೆ ಆಗಲ್ಲ, ಬೇರೆಬೇರೆ ವಿಭಾಗದವರು ಒಟ್ಟಿಗೆ ಕೂತು ಮಾತಾಡ್ಬೇಕು ಅನ್ನೋದು ಅವರಿಗೆ ಹೊಳೀತು, ಇವತ್ತಿನ ಪೈನ್ ಕ್ಲಿನಿಕ್ ಅನ್ನೋದು ಬಂದಿದ್ದು ಅಲ್ಲಿಂದ. 1973ರಲ್ಲಿ ಅವರು ಕರೆದ ಸಭೆಯಿಂದಲೇ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘಾನೂ ಹುಟ್ಕೊಂಡಿದ್ದು.

ನಮ್ಮ ಡಾಕ್ಟರು ಈ ಕಡೆ ಬಂದಿದ್ದು ಒಬ್ಬ ಹುಡುಗನ್ನ ನೋಡಿ. ಅವರು ಇಂಟರ್ನ್ ಆಗಿದ್ದಾಗ ಮೇಲಿಂದ ಬಿದ್ದು ಬೆನ್ನುಹುರಿ ಪೆಟ್ಟಾದ ಒಬ್ಬ ಹುಡುಗ ವಾರ್ಡಿಗೆ ಬಂದಿದ್ದ, ಆಪರೇಷನ್ ಬಹಳ ಚೆನ್ನಾಗಿ ಆಗಿತ್ತು, ಎಕ್ಸ್‌ರೇಲಿ ರಾಡು ಸ್ಕ್ರೂ ಎಲ್ಲಾ ಹೇಗೆ ಇರ್ಬೇಕೋ ಹಾಗೇ ಇತ್ತು, ಮನೆಗೆ ಕಳಿಸಿದ್ರು. ಕೆಲವು ತಿಂಗಳಾದ್ಮೇಲೆ ಅದೇ ಹುಡುಗ ಸೊಂಟದ ಹಿಂದೆ ಮೂಳೆ ಕಾಣೋಷ್ಟು ಆಳದ ಹಾಸಿಗೆ ಹುಣ್ಣು, ಜ್ವರ, ಮೂತ್ರದಲ್ಲಿ ಕೀವು, ಮಡಚಿಕೊಂಡು ಬಿಗಿದ ಕಾಲು ಇಟ್ಕೊಂಡು ವಾಪಸ್ ಬಂದ. ಮನೆಯವರು ಬಿಟ್ಟುಬಿಟ್ಟಿರಲಿಲ್ಲ, ಹಗಲೂ ರಾತ್ರಿ ನೋಡ್ಕೊಂಡಿದ್ರು, ಅವರಿಗೆ ಮಗ್ಗುಲು ಬದಲಾಯಿಸ್ಬೇಕು ಅಂತಲೇ ಯಾರೂ ಹೇಳಿರಲಿಲ್ಲ, ಹೊತ್ತು ಹೊತ್ತಿಗೆ ಶುಚಿಯಾದ ಕ್ಯಾಥಿಟರ್ ಹಾಕಿ ಮೂತ್ರ ತೆಗೆಯೋದನ್ನ ಕಲಿಸಿರಲಿಲ್ಲ. "ಅಷ್ಟು ಒಳ್ಳೇ ಸರ್ಜರಿ ಹಾಳಾಗಿಹೋಯ್ತು ಕಣಮ್ಮ, ಆಮೇಲಿನ ಕೆಲಸ ಯಾರದ್ದು ಅಂತ ಯಾರಿಗೂ ಗೊತ್ತಿರಲಿಲ್ಲ" ಅಂತ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಸರ್ಜರಿ ಮಾಡ್ಬೇಕು ಅಂತಿದ್ದ ಅವರು ರಿಹ್ಯಾಬ್ ತಗೊಂಡ್ರು. ಪೈನ್ ಫೆಲೋಶಿಪ್ ಮಾಡಿದ್ದು ಆಮೇಲೆ, ಪೇಷಂಟ್‌ಗೆ ವ್ಯಾಯಾಮ ಮಾಡಿಸೋಕೆ ಹೋದ್ರೆ ನೋವೇ ಅಡ್ಡ ಬರ್ತಿತ್ತು, ನೋವು ಇಳಿಸೋಕೆ ಬರ್ದೆ ಇದ್ರೆ ಬಾಕಿ ಕೆಲಸ ಅರ್ಧಕ್ಕೇ ನಿಲ್ಲತ್ತೆ ಅಂತ ಅವರಿಗೆ ಅನ್ನಿಸಿತ್ತಂತೆ.

ಈಗ ಅವರು ಪೇಷಂಟ್ ನೋಡೋ ರೀತಿ ಹೇಳ್ತೀನಿ, ನಾನು ಅತಿ ಹೆಚ್ಚು ಕಲಿತಿದ್ದು ಇದರಿಂದಲೇ. ಪರೀಕ್ಷೆ ಶುರುವಾಗೋದು ಪೇಷಂಟ್ ಕೂತ್ಕೊಂಡ ಮೇಲಲ್ಲ, ಬಾಗಿಲಿಂದ ಒಳಗೆ ಬರುವಾಗಲೇ. ಯಾವ ಕಾಲಿನ ಮೇಲೆ ಭಾರ ಬಿಡ್ತಿಲ್ಲ, ಕುರ್ಚಿಯಿಂದ ಏಳುವಾಗ ಕೈ ಊರ್ತಾರಾ, ಬ್ಯಾಗು ಯಾವ ಭುಜದಲ್ಲಿದೆ, ಚಪ್ಪಲಿ ಒಂದೇ ಕಡೆ ಸವೆದಿದ್ಯಾ, ಇದೆಲ್ಲ ನೋಡ್ತಾರೆ. ಜೊತೆಗೆ ಬಂದವರು ಮಾತಾಡೋಕೆ ಶುರು ಮಾಡಿದ್ರೆ "ಅಣ್ಣ, ಒಂದ್ನಿಮಿಷ, ಮೊದಲು ಅಮ್ಮ ಹೇಳ್ಲಿ" ಅಂತಾರೆ. ಮಧ್ಯೆ ಬಾಯಿ ಹಾಕದೆ ಕೇಳ್ತಾರೆ. ನೋವು ಎಲ್ಲಿ, ಯಾವಾಗಿಂದ, ಉರಿಯೋ ಥರಾನಾ, ಸೆಳೆಯೋ ಥರಾನಾ, ಕರೆಂಟ್ ಹೊಡೆದಂಗಾ, ಬಟ್ಟೆ ತಾಗಿದ್ರೂ ನೋಯತ್ತಾ ಅಂತೆಲ್ಲ ಕೇಳಿದ ಮೇಲೆ ನಿದ್ದೆ ಬಗ್ಗೆ ಕೇಳ್ತಾರೆ, ನಿದ್ದೆಗೆ ಅವರು ಕೊಡೋಷ್ಟು ಸಮಯ ಬೇರೆ ಯಾರೂ ಕೊಟ್ಟಿದ್ದು ನಾನು ನೋಡಿಲ್ಲ. ರಾತ್ರಿ ನಿದ್ದೆ ಇಲ್ದಿದ್ರೆ ಮಾರನೇ ದಿನ ನೋವು ಜಾಸ್ತಿ, ನೋವು ಜಾಸ್ತಿ ಆದ್ರೆ ಮತ್ತೆ ನಿದ್ದೆ ಇಲ್ಲ, ಈ ಸುತ್ತನ್ನ ಎಲ್ಲಾದ್ರೂ ಒಂದು ಕಡೆ ಮುರೀಲೇಬೇಕು, ಎಷ್ಟೋ ಸಲ ಅದು ನಿದ್ದೆ ಕಡೆಯಿಂದಲೇ ಸುಲಭ.

ಆಮೇಲೆ ಆ ಪ್ರಶ್ನೆ ಬರತ್ತೆ. "ಈ ನೋವು ಇಲ್ದಿದ್ರೆ ಇಷ್ಟೊತ್ತಿಗೆ ಏನು ಮಾಡ್ತಿದ್ರಿ?" ಹತ್ತಕ್ಕೆ ಎಷ್ಟು ನೋವು ಅಂತ ಎಲ್ಲರೂ ಕೇಳಿರ್ತಾರೆ, ಪೇಷಂಟು ಥಟ್ ಅಂತ ಎಂಟು ಅಂತಾನೋ ಒಂಬತ್ತು ಅಂತಾನೋ ಹೇಳಿಬಿಡ್ತಾರೆ, ಆದ್ರೆ ಈ ಪ್ರಶ್ನೆಗೆ ತುಂಬಾ ಜನಕ್ಕೆ ಮಾತೇ ಹೊರಡಲ್ಲ. ಒಬ್ಬ ಟೈಲರ್ ಹತ್ತು ನಿಮಿಷ ಮಿಷನ್ ಮುಂದೆ ಕೂರೋಕೆ ಆದ್ರೆ ಸಾಕು ಅಂದ್ರು. ಒಬ್ಬ ಅಜ್ಜಿ ಮೊಮ್ಮಗೂನ ಎತ್ಕೊಂಡು ನಿಲ್ಬೇಕು ಅಂದ್ರು. ಒಬ್ಬರು ಮೇಷ್ಟ್ರು, ಬೋರ್ಡ್ ಮೇಲೆ ಬರೆಯೋಕೆ ಕೈ ಎತ್ತಕ್ಕಾಗ್ತಿಲ್ಲ, ಮಕ್ಕಳ ಮುಂದೆ ಕೂತ್ಕೊಂಡೇ ಪಾಠ ಮಾಡೋದು ಮನಸ್ಸಿಗೆ ಒಗ್ತಿಲ್ಲ ಅಂತ ಕಣ್ಣೀರು ಹಾಕಿದ್ರು. ಆ ಉತ್ತರಾನೇ ಕೇಸ್ ಶೀಟಿನ ಮೇಲ್ಗಡೆ ಗುರಿ ಅಂತ ಬರೀತಾರೆ, ನಮಗೆ ಕಳಿಸೋ ಚೀಟೀಲೂ ಅದೇ ಇರತ್ತೆ. "ಎಲ್ ಫೋರ್ ಎಲ್ ಫೈವ್ ಡಿಸ್ಕ್" ಅಂತ, ಅಂದ್ರೆ ಸೊಂಟದ ಯಾವ ಎರಡು ಮೂಳೆ ನಡುವಿನ ಮೆತ್ತೆ ಅಂತ ಅಷ್ಟೇ, ಇದ್ರೆ ನಾನು ಯಾರಿಗೆ ಬೇಕಾದ್ರೂ ಅದೇ ಐದು ವ್ಯಾಯಾಮ ಹೇಳ್ಕೊಡಬಹುದು, "ಹತ್ತು ನಿಮಿಷ ಮಿಷನ್ ಮುಂದೆ ಕೂರ್ಬೇಕು" ಅಂತ ಇದ್ರೆ ಸ್ಟೂಲಿನ ಎತ್ತರ, ಪೆಡಲ್ ಮೇಲಿನ ಕಾಲು, ನಡುವೆ ಎಷ್ಟೊತ್ತಿಗೆ ಎದ್ದು ನಿಲ್ಬೇಕು ಇದೆಲ್ಲ ಯೋಚನೆ ಮಾಡ್ಲೇಬೇಕು, ವ್ಯಾಯಾಮಾನೂ ಬೇರೆ ಆಗತ್ತೆ.

ಸ್ಕ್ಯಾನ್ ನೋಡಲ್ಲ ಅಂತಲ್ಲ, ನೋಡ್ತಾರೆ, ಆದ್ರೆ ಮೈ ಮುಟ್ಟಿ ನೋಡಿದ ಮೇಲೆ. ಎಮ್‌ಆರ್‌ಐ ರಿಪೋರ್ಟ್ ಓದಿ ಹೆದರಿದವರು ದಿನಾ ಬರ್ತಾರೆ, ಡಿಸ್ಕ್ ಉಬ್ಬಿದೆ, ಸವೆತ, ಒಣಗಿದೆ ಅಂತೆಲ್ಲ ಬರೆದಿರತ್ತೆ, ಅವರು ಅಂದ್ಕೊಂಡಿರ್ತಾರೆ ಇನ್ನು ಬಗ್ಗಿದ್ರೆ ಬೆನ್ನು ಮುರಿದೇ ಹೋಗತ್ತೆ ಅಂತ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ಇದೆ, ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನ ಒಟ್ಟು ಹಾಕಿ ನೋಡಿದ್ದು. ನೋವಿಲ್ಲದ 20 ವರ್ಷದವರಲ್ಲೇ ನೂರಕ್ಕೆ 37 ಜನಕ್ಕೆ ಡಿಸ್ಕ್ ಸವೆತ ಕಂಡಿದೆ, 80 ವರ್ಷದವರಲ್ಲಿ ನೂರಕ್ಕೆ 96. ಡಿಸ್ಕ್ ಉಬ್ಬಿರೋದು 20ರ ವಯಸ್ಸಲ್ಲಿ ನೂರಕ್ಕೆ 30, 80ರಲ್ಲಿ 84. ನಮ್ಮ ಡಾಕ್ಟರು ಈ ಅಂಕಿಗಳನ್ನ ಪೇಷಂಟ್ ಮುಂದೆ ಹಾಳೆ ಮೇಲೆ ಬರೆದು ತೋರಿಸ್ತಾರೆ, ನಿಮ್ಮ ವಯಸ್ಸಿಗೆ ಕೂದಲು ನೆರೆಯೋ ಥರ ಒಳಗೂ ಒಂದಿಷ್ಟು ಆಗಿರತ್ತೆ, ಅದೇ ನೋವಿಗೆ ಕಾರಣ ಅಂತ ಹೇಳೋಕೆ ಪರೀಕ್ಷೆಲೂ ಹೊಂದಬೇಕು ಅಂತಾರೆ. ಎಷ್ಟೋ ಜನಕ್ಕೆ ಅಷ್ಟು ಕೇಳಿದ್ರೇ ಭುಜ ಸಡಿಲ ಆಗೋದನ್ನ ನಾನು ನೋಡಿದ್ದೀನಿ.

ಹಾಗಂತ "ನಿಮಗೇನೂ ಆಗಿಲ್ಲ, ಎಲ್ಲಾ ಮನಸ್ಸಿನದ್ದು" ಅನ್ನೋ ಮಾತು ಅವರ ಬಾಯಲ್ಲಿ ಒಂದ್ಸಲಾನೂ ಬಂದಿಲ್ಲ. ಈ ಮಾತು ಕೇಳಿ ಮುರಿದುಹೋದವರು ತುಂಬಾ ಜನ, ಅದರಲ್ಲೂ ಹೆಂಗಸರು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನೋ ಇಬ್ಬರು ಗೇಟ್ ಕಂಟ್ರೋಲ್ ಸಿದ್ಧಾಂತ ಕೊಟ್ರು, ಗಾಯದಿಂದ ಬರೋ ಸಂದೇಶ ಹಾಗೇ ನೇರ ಮೆದುಳಿಗೆ ಹೋಗಲ್ಲ, ಬೆನ್ನುಹುರಿಯಲ್ಲೇ ಅದು ಹೆಚ್ಚೂ ಆಗಬಹುದು ಕಡಿಮೆಯೂ ಆಗಬಹುದು, ಮೇಲಿಂದ ಮೆದುಳೂ ಅದನ್ನ ತಿದ್ದತ್ತೆ ಅಂತ. ಬಹಳ ದಿನ ನೋವು ಇದ್ರೆ ನರಮಂಡಲವೇ ಸೂಕ್ಷ್ಮ ಆಗಿಬಿಡತ್ತೆ, ಗಾಯ ಮಾಗಿದ್ರೂ ಸಣ್ಣ ಒತ್ತಡಕ್ಕೂ ದೊಡ್ಡ ನೋವು ಬರತ್ತೆ. ಆ ನೋವು ನೂರಕ್ಕೆ ನೂರು ನಿಜ. ಬೋನಿಕಾ ಕರೆದ ಸಭೆಯಿಂದ ಹುಟ್ಟಿದ ಆ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯಾನ ತಿದ್ದಿ ಬರೆದಾಗ, ನೋವಾಗ್ತಿದೆ ಅಂತ ಒಬ್ಬರು ಹೇಳಿದ್ರೆ ಆ ಮಾತಿಗೆ ಗೌರವ ಕೊಡ್ಬೇಕು ಅಂತ ಸ್ಪಷ್ಟವಾಗಿ ಸೇರಿಸಿದೆ. ಮೂರು ತಿಂಗಳಿಗಿಂತ ಹೆಚ್ಚು ಉಳಿದ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, 2022ರಿಂದ ಜಾರಿಯಾದ ಹನ್ನೊಂದನೇ ಆವೃತ್ತಿಯಲ್ಲಿ, ಬೇರೆಯೇ ಸ್ಥಾನ ಇದೆ. ಇದನ್ನೆಲ್ಲ ಜನಕ್ಕೆ ತಿಳಿಸಿ ಸಂಪಾದಕರೇ, ನೋವಿರೋರಿಗಿಂತ ಹೆಚ್ಚಾಗಿ ಅವರ ಮನೆಯವರಿಗೆ, ಅವರ ಕೆಲಸದ ಕಡೆ ಮೇಲಧಿಕಾರಿಗಳಿಗೆ ತಿಳೀಬೇಕು.

ಇನ್ನು ಇಂಜೆಕ್ಷನ್ ವಿಷಯ. ಪೈನ್ ಡಾಕ್ಟರ್ ಅಂದ್ರೆ ಸೂಜಿ ಚುಚ್ಚೋರು ಅಂತ ಕೆಲವರು, ಸ್ಟ್ರಾಂಗ್ ಮಾತ್ರೆ ಬರೆಯೋರು ಅಂತ ಕೆಲವರು ತಿಳ್ಕೊಂಡಿದ್ದಾರೆ. ಅಲ್ಟ್ರಾಸೌಂಡ್ ಅಥವಾ ಎಕ್ಸ್‌ರೇ ನೋಡ್ಕೊಂಡು ಸರಿಯಾದ ಜಾಗಕ್ಕೆ ಇಂಜೆಕ್ಷನ್ ಕೊಡೋದು, ನರದ ಬ್ಲಾಕು (ನೋವು ಸಾಗಿಸೋ ನರವನ್ನ ಮರಗಟ್ಟಿಸೋದು), ಬೆನ್ನಿನ ಸಣ್ಣ ಕೀಲುಗಳ ನರಕ್ಕೆ ರೇಡಿಯೋಫ್ರೀಕ್ವೆನ್ಸಿ (ಕಾವು ಕೊಟ್ಟು ನೋವಿನ ಸಂದೇಶ ತಡೆಯೋದು), ಇವೆಲ್ಲ ನಮ್ಮ ಡಾಕ್ಟರು ಮಾಡ್ತಾರೆ, ಚೆನ್ನಾಗೇ ಮಾಡ್ತಾರೆ. ಆದ್ರೆ ಇಂಜೆಕ್ಷನ್ ಕೊಡೋ ಮುಂಚೆ ನನ್ನನ್ನ ಕರೆದು ಈ ಪೇಷಂಟ್‌ಗೆ ಮುಂದಿನ ವಾರದಿಂದ ಥೆರಪಿ ಸ್ಲಾಟ್ ಇದ್ಯಾ ಅಂತ ಕೇಳ್ತಾರೆ, ಇಲ್ಲ ಅಂದ್ರೆ ಇಂಜೆಕ್ಷನ್ನೇ ಮುಂದಕ್ಕೆ ಹಾಕ್ತಾರೆ. ಭುಜದ ಕೀಲು ಬಿಗಿದುಕೊಳ್ಳೋ ಫ್ರೋಜನ್ ಶೋಲ್ಡರ್‌ಗೆ ಕೀಲಿಗೆ ಕೊಟ್ಟ ಇಂಜೆಕ್ಷನ್ ನೋವನ್ನ ಕೆಲವು ವಾರ ಇಳಿಸತ್ತೆ, ಆ ಕೆಲವು ವಾರದಲ್ಲಿ ಭುಜ ಆಡಿಸಿದ್ರೇ ಲಾಭ, ಸುಮ್ನೆ ಮನೇಲಿ ಕೂತು ನೋವು ಹೋಯ್ತು ಅಂತ ಬಿಟ್ರೆ ಮತ್ತೆ ಅಲ್ಲಿಗೇ ಬಂದು ನಿಲ್ತಾರೆ. ಮಾತ್ರೆ ವಿಷಯದಲ್ಲೂ ಅಷ್ಟೇ, ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿ ಹೊಟ್ಟೆ, ಕಿಡ್ನಿ ಹಾಳು ಮಾಡ್ಕೊಂಡು ಬಂದವರಿಗೆ ಮೊದಲು ಯಾವುದನ್ನ ನಿಲ್ಲಿಸಬಹುದು ಅಂತ ನೋಡ್ತಾರೆ. ನರದ ನೋವಿಗೆ ಬೇರೆ ಔಷಧಿಗಳಿವೆ, ಮಾಮೂಲಿ ನೋವಿನ ಮಾತ್ರೆಗೆ ಅದು ಅಷ್ಟಾಗಿ ಬಗ್ಗಲ್ಲ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬೇಕಾದಾಗ ಹಿಂದೆ ಮುಂದೆ ನೋಡಲ್ಲ, ಹಳೇ ಬೆನ್ನುನೋವಿಗೆ ಅದನ್ನ ಕೇಳ್ಕೊಂಡು ಬಂದ್ರೆ ಯಾಕೆ ಬೇಡ ಅಂತ ಕೂತು ವಿವರಿಸ್ತಾರೆ.

ಬೆಡ್ ರೆಸ್ಟ್ ಅನ್ನೋದು ಇನ್ನೂ ಜನರ ತಲೇಲಿ ಗಟ್ಟಿಯಾಗಿ ಕೂತಿದೆ. 1986ರಷ್ಟು ಹಿಂದೆಯೇ ಅಮೆರಿಕದಲ್ಲಿ ಒಂದು ಅಧ್ಯಯನ ಆಗಿದೆ, ಬೆನ್ನುನೋವು ಬಂದವರಲ್ಲಿ ಒಂದು ಗುಂಪಿಗೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗೋಕೆ ಹೇಳಿದ್ರು, ಎರಡು ದಿನದವರು ಕೆಲಸಕ್ಕೆ ಹಾಕಿದ ರಜೆ ನೂರಕ್ಕೆ 45ರಷ್ಟು ಕಡಿಮೆ ಇತ್ತು, ಬಾಕಿ ವಿಷಯದಲ್ಲಿ ಹೆಚ್ಚು ಮಲಗಿದವರಿಗೆ ಲಾಭ ಏನೂ ಕಾಣಲಿಲ್ಲ. ಇವತ್ತಿನ ಎಲ್ಲಾ ಮಾರ್ಗಸೂಚಿಗಳೂ ಆದಷ್ಟು ಓಡಾಡ್ಕೊಂಡಿರಿ ಅಂತಲೇ ಹೇಳೋದು. ಹಾಗಂತ ಒಂದೇ ದಿನ ಹುಮ್ಮಸ್ಸಲ್ಲಿ ಎಲ್ಲಾ ಕೆಲಸ ಮಾಡಿ ಆಮೇಲೆ ಮೂರು ದಿನ ಮಲಗೋದೂ ತಪ್ಪು, ಇದನ್ನ ನಾವು ತುಂಬಾ ನೋಡ್ತೀವಿ. ನೋವು ಹೆಚ್ಚೋ ಮುಂಚೆಯೇ ನಿಲ್ಲಿಸೋದು, ಗಡಿಯಾರ ನೋಡಿ ನಿಲ್ಲಿಸೋದು, ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸೋದು. ಹೇಳೋಕೆ ಸುಲಭ, ಮಾಡೋಕೆ ಬಹಳ ತಾಳ್ಮೆ ಬೇಕು, ಅದಕ್ಕೇ ನಮ್ಮಲ್ಲಿ ಸೈಕಾಲಜಿಸ್ಟ್ ಇದ್ದಾರೆ, ದಿನನಿತ್ಯದ ಕೆಲಸ ಮತ್ತೆ ಮಾಡೋಕೆ ಕಲಿಸೋ ಆಕ್ಯುಪೇಶನಲ್ ಥೆರಪಿಸ್ಟ್ ಇದ್ದಾರೆ, ವಾರಕ್ಕೊಮ್ಮೆ ಎಲ್ಲರೂ ಒಂದೇ ಟೇಬಲ್ ಸುತ್ತ ಕೂತು ಒಬ್ಬೊಬ್ಬ ಪೇಷಂಟ್ ಬಗ್ಗೆ ಮಾತಾಡ್ತೀವಿ. ಆ ಮೀಟಿಂಗಲ್ಲಿ ನರ್ಸ್ ಹೇಳಿದ ಒಂದು ಮಾತಿಂದ ಡಾಕ್ಟರು ಇಡೀ ಪ್ಲಾನ್ ಬದಲಾಯಿಸಿದ್ದನ್ನ ನಾನು ಎಷ್ಟೋ ಸಲ ನೋಡಿದ್ದೀನಿ, ನನ್ನ ಮಾತು ನಡೀಬೇಕು ಅನ್ನೋ ಹಟ ಅವರಿಗಿಲ್ಲ.

ಸ್ಟ್ರೋಕ್ ಆದವರ ವಿಷಯ ಹೇಳ್ದೆ ಈ ಪತ್ರ ಮುಗಿಸೋಕೆ ಆಗಲ್ಲ, ತಡ ಆದ್ರೆ ಆಗೋ ನಷ್ಟ ಅಲ್ಲೇ ಅತಿ ಹೆಚ್ಚು. ಮೊದಲ ಮೂರು ತಿಂಗಳು ಚೇತರಿಕೆ ವೇಗವಾಗಿರತ್ತೆ, ಆಮೇಲೂ ಆಗತ್ತೆ, ಆದ್ರೆ ನಿಧಾನ. ಆ ಮೂರು ತಿಂಗಳು ಎಷ್ಟು ಮನೆಗಳಲ್ಲಿ ಸುಮ್ನೆ ಕಳೆದುಹೋಗತ್ತೆ ಗೊತ್ತಾ. ಬಿದ್ದುಹೋದ ಕೈಯನ್ನ ಹಿಡಿದು ಎಳೆದು ಪೇಷಂಟ್‌ನ ಎಬ್ಬಿಸ್ತಾರೆ, ಪ್ರೀತಿಯಿಂದಲೇ ಎಬ್ಬಿಸ್ತಾರೆ, ಆ ಭುಜದ ಸುತ್ತ ಮಾಂಸಖಂಡದ ಹಿಡಿತ ಇರಲ್ಲ, ಎಳೆದಾಗ ಕೀಲು ಕೆಳಗೆ ಜಾರತ್ತೆ, ಆಮೇಲೆ ಅದೇ ಭುಜ ರಾತ್ರಿ ಪೂರ್ತಿ ನೋಯತ್ತೆ, ನೋವಿಗೆ ಹೆದರಿ ಕೈ ಮುಟ್ಟೋಕೇ ಬಿಡಲ್ಲ, ಬೆರಳು ಮುಷ್ಟಿ ಕಟ್ಕೊಂಡು ಬಿಗಿಯತ್ತೆ. ಕೈ ಎಳೀಬೇಡಿ, ಭುಜದ ಹಿಂದೆ ಮತ್ತೆ ಸೊಂಟಕ್ಕೆ ಕೈ ಕೊಟ್ಟು ಎಬ್ಬಿಸಿ, ಕೂತಾಗ ಕೈ ಕೆಳಗೆ ದಿಂಬು ಇಡಿ, ಇಷ್ಟನ್ನ ಮೊದಲ ವಾರದಲ್ಲೇ ಒಬ್ಬರು ತೋರಿಸಿಕೊಟ್ಟಿದ್ರೆ ಆ ನೋವಲ್ಲಿ ಎಷ್ಟೋ ಭಾಗ ಬರ್ತಾನೇ ಇರಲಿಲ್ಲ. ಬಿಗಿತ ಬಂದಮೇಲೆ ಬೊಟುಲಿನಮ್ ಇಂಜೆಕ್ಷನ್ ಇದೆ, ಸುಮಾರು ಮೂರು ತಿಂಗಳು ಸಡಿಲ ಇಡತ್ತೆ, ಅಷ್ಟರಲ್ಲಿ ಕೈಯನ್ನ ಸರಿಯಾದ ಭಂಗಿಯಲ್ಲಿ ಹಿಡಿದಿಡೋ ಸ್ಪ್ಲಿಂಟ್ ಹಾಕಿ ಎಳೆದು ಕೆಲಸ ಮಾಡಿಸ್ತೀವಿ. ಆದ್ರೆ ಕೀಲೇ ಅಂಟಿಕೊಂಡು ಹೋಗಿದ್ರೆ ಆ ಇಂಜೆಕ್ಷನ್ನಿಂದಲೂ ಏನೂ ಆಗಲ್ಲ.

ಬೆನ್ನುಹುರಿ ಪೆಟ್ಟಾದವರಲ್ಲಿ ಒಂದು ತುರ್ತು ಸ್ಥಿತಿ ಇದೆ, ಅದನ್ನ ಇಲ್ಲಿ ಬರೀಲೇಬೇಕು. ಬೆನ್ನುಮೂಳೆಯ ಎದೆ ಭಾಗದ ಆರನೇ ಮೂಳೆ ಮಟ್ಟದಲ್ಲೋ ಅದರ ಮೇಲೋ ಪೆಟ್ಟಾದವರಿಗೆ ಕೆಲವೊಮ್ಮೆ ಇದ್ದಕ್ಕಿದ್ದಂತೆ ಬಿಪಿ ಏರಿ ತಲೆ ಸಿಡಿಯತ್ತೆ, ಮುಖ ಕೆಂಪಾಗಿ ಬೆವರು ಬರತ್ತೆ. ಮೂತ್ರದ ಕ್ಯಾಥಿಟರ್ ಕಟ್ಕೊಂಡಿರೋದು ಅಥವಾ ಮಲಬದ್ಧತೆ ಇದಕ್ಕೆ ಮಾಮೂಲಿ ಕಾರಣ. ತಕ್ಷಣ ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾಥಿಟರ್ ಪೈಪ್ ಮಡಚಿದ್ಯಾ ನೋಡಿ, ಡಾಕ್ಟರಿಗೆ ಫೋನ್ ಮಾಡಿ. ಮನೆಯವರಿಗೆ ಇದನ್ನ ಡಿಸ್ಚಾರ್ಜ್ ದಿನವೇ ಕಲಿಸ್ಬೇಕು, ನಮ್ಮ ಡಾಕ್ಟರು ಅವರ ಬಾಯಿಂದಲೇ ವಾಪಸ್ ಹೇಳಿಸ್ತಾರೆ, ಸರಿಯಾಗಿ ಹೇಳೋವರೆಗೂ ಡಿಸ್ಚಾರ್ಜ್ ಪೇಪರಿಗೆ ಸಹಿ ಹಾಕಲ್ಲ.

ಎಲ್ಲರಿಗೂ ಪೂರ್ತಿ ಗುಣ ಆಗತ್ತೆ ಅಂತ ನಾನು ಹೇಳ್ತಿಲ್ಲ, ಡಾಕ್ಟರೂ ಹೇಳಲ್ಲ. ಕೈಕಾಲು ಕಳ್ಕೊಂಡವರಿಗೆ ಇಲ್ಲದ ಕಾಲೇ ನೋಯತ್ತಲ್ಲ, ಅಂಥವರಿಗೆ ಕನ್ನಡಿ ಇಟ್ಟು ಮಾಡಿಸೋ ಥೆರಪಿ ಇದೆ, 1990ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ಶುರು ಮಾಡಿದ್ದು, ಕೆಲವರಿಗೆ ತುಂಬಾ ಆರಾಮ ಕೊಡತ್ತೆ, ಕೆಲವರಿಗೆ ಏನೂ ಆಗಲ್ಲ. ಮೈಯೆಲ್ಲಾ ನೋಯೋ ಫೈಬ್ರೋಮಯಾಲ್ಜಿಯಾ ಇರೋರು ಎಷ್ಟೋ ಜನ ವರ್ಷಗಳಿಂದ ನಮ್ಮ ಹತ್ರಾನೇ ಬರ್ತಿದ್ದಾರೆ, ನೋವು ಇನ್ನೂ ಇದೆ. ಆದ್ರೆ ಮುಂಚೆ ಮನೆಯಿಂದ ಹೊರಗೇ ಬರ್ತಿರಲಿಲ್ಲ, ಈಗ ಅರ್ಧ ದಿನ ಕೆಲಸಕ್ಕೆ ಹೋಗ್ತಾರೆ. "ನೋವು ಸೊನ್ನೆ ಮಾಡ್ತೀನಿ ಅಂತ ನಾನು ಮಾತು ಕೊಡಲ್ಲಮ್ಮ, ನೀವು ಹೇಳಿದ ಆ ಕೆಲಸಕ್ಕೆ ನಿಮ್ಮನ್ನ ವಾಪಸ್ ಮುಟ್ಟಿಸೋಕೆ ಕೊನೇವರೆಗೂ ಜೊತೇಲಿ ಇರ್ತೀನಿ" ಅಂತ ಅವರು ಮೊದಲ ದಿನವೇ ಹೇಳಿಬಿಡ್ತಾರೆ. ಕೇಳಿ ಬೇಜಾರಾಗಿ ಎದ್ದು ಹೋದವರೂ ಇದ್ದಾರೆ, ಅದರಲ್ಲಿ ಕೆಲವರು ಆಮೇಲೆ ವಾಪಸ್ಸೂ ಬಂದಿದ್ದಾರೆ.

ಇದು ಸಣ್ಣ ಸಮಸ್ಯೆ ಅಲ್ಲ ಸಂಪಾದಕರೇ. ರಿಹ್ಯಾಬಿಲಿಟೇಶನ್ನಿಂದ ಪ್ರಯೋಜನ ಆಗಬಹುದಾದ ಸ್ಥಿತಿ ಇರೋರು ಜಗತ್ತಿನಲ್ಲಿ 240 ಕೋಟಿ ಜನ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು. ಸೊಂಟನೋವು ಒಂದೇ 2020ರಲ್ಲಿ ಸುಮಾರು 61.9 ಕೋಟಿ ಜನಕ್ಕೆ ಇತ್ತು. ಕಡಿಮೆ ಮತ್ತು ಮಧ್ಯಮ ಆದಾಯದ ಕೆಲವು ದೇಶಗಳಲ್ಲಿ ಬೇಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಈ ಸೇವೆ ಸಿಗ್ತಿಲ್ಲ. 2017ರಲ್ಲಿ ಆ ಸಂಸ್ಥೆ ರಿಹ್ಯಾಬಿಲಿಟೇಶನ್ 2030 ಅಂತ ಕರೆ ಕೊಟ್ಟು, ಇದನ್ನ ಕೊನೇಗೆ ಸೇರಿಸೋ ಸೇವೆ ಮಾಡ್ಬೇಡಿ, ಮಾಮೂಲಿ ಆರೋಗ್ಯ ವ್ಯವಸ್ಥೆ ಒಳಗೇ ತನ್ನಿ ಅಂತ ಎಲ್ಲಾ ದೇಶಗಳಿಗೂ ಹೇಳಿದೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ನಿಮ್ಮ ಆರೋಗ್ಯ ಪುಟದಲ್ಲಿ ಮುಂದಿನ ಸಲ ಸ್ಟ್ರೋಕ್ ಬಗ್ಗೆ, ಅಪಘಾತದ ಬಗ್ಗೆ, ಬೆನ್ನುನೋವಿನ ಬಗ್ಗೆ ಬರೆಸುವಾಗ ಒಬ್ಬ ರಿಹ್ಯಾಬ್ ಡಾಕ್ಟರ್ ಹತ್ರಾನೂ ಮಾತಾಡಿಸಿ. ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಆಗೋ ಮುಂಚೆ "ರಿಹ್ಯಾಬ್ ವಿಭಾಗದವರು ಒಮ್ಮೆ ನೋಡಿದ್ದಾರಾ" ಅಂತ ಕೇಳೋ ಹಕ್ಕು ಪೇಷಂಟ್ ಕಡೆಯವರಿಗಿದೆ, ಅದನ್ನ ಬರೀರಿ. ಮೂರು ತಿಂಗಳಾದ್ರೂ ನೋವು ಹೋಗ್ದಿದ್ರೆ ಇನ್ನೊಂದು ಸ್ಕ್ಯಾನಿಗೆ ಓಡೋ ಮುಂಚೆ ನೋವಿನ ಡಾಕ್ಟರನ್ನ ಕಾಣಿ ಅಂತ ಬರೀರಿ. ಜೊತೆಗೆ ಇದನ್ನೂ ತಪ್ಪದೆ ಹಾಕಿ: ಬೆನ್ನುನೋವಿನ ಜೊತೆ ಮೂತ್ರ ಕಟ್ಟೋದು ಅಥವಾ ಗೊತ್ತಿಲ್ಲದೆ ಹೋಗೋದು, ತೊಡೆ ಸಂದಿ ಮತ್ತೆ ಕೂರೋ ಜಾಗ ಜೋಮು ಹಿಡಿದು ಮರಗಟ್ಟೋದು, ಕಾಲಿನ ಶಕ್ತಿ ದಿನೇ ದಿನೇ ಇಳಿಯೋದು ಕಂಡ್ರೆ ಯಾವ ಥೆರಪಿಗೂ ಕಾಯಬೇಡಿ, ಅದೇ ಹೊತ್ತಲ್ಲಿ ಎಮರ್ಜೆನ್ಸಿಗೆ ಹೋಗಿ. ಜ್ವರ, ಕಾರಣ ಇಲ್ಲದೆ ತೂಕ ಇಳಿಯೋದು, ಹಿಂದೆ ಕ್ಯಾನ್ಸರ್ ಆಗಿರೋದು ಇದ್ರೂ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಲೇಖನ ಬರೆಸೋದಾದ್ರೆ ನಮ್ಮ ಡಾಕ್ಟರನ್ನ ನಾನೇ ಒಪ್ಪಿಸ್ತೀನಿ, ಅವರು ಪ್ರಚಾರ ಬೇಡ ಅಂತಾರೆ, ಹೆಸರು ಹಾಕ್ದೆ ಪ್ರಶ್ನೋತ್ತರ ಥರ ಮಾಡಿದ್ರೆ ಖಂಡಿತ ಕೂತು ಬರೆದುಕೊಡ್ತಾರೆ.

ಇತಿ ನಿಮ್ಮ ವಿಶ್ವಾಸಿ,
ನಿಮ್ಮ ಓದುಗರಲ್ಲಿ ಒಬ್ಬಳು, ಫಿಸಿಯೋಥೆರಪಿಸ್ಟ್